ಚಳಿಯ ಸನ್ನೆ

“ಅದನ್ನ ಹಾಕ್ಕೊಂಡ್ರೆ ನಾನು ನಿನ್ನ ಜೊತೆ ಇಳಿಯಲ್ಲ.”

ಇಷ್ಟು ಹೇಳಿ ಅವನು ಗೋಡೆಯ ಕಡೆ ತಿರುಗಿಬಿಟ್ಟ. ಅವಳು ವೆಟ್‌ಸೂಟಿನೊಳಗೆ ಒಂದು ಕಾಲು ತೂರಿಸಿ, ಇನ್ನೊಂದು ಕಾಲಿನ ಮೇಲೆ ಕೊಕ್ಕರೆಯ ಹಾಗೆ ನಿಂತಿದ್ದಳು. ನೀರಿಗೆ ಮುಳುಗುವವರ ಸಲಕರಣೆಯ ಕೋಣೆಯಲ್ಲಿ ಒದ್ದೆ ರಬ್ಬರಿನ ವಾಸನೆ. ಕೊಕ್ಕೆಗಳಿಗೆ ನೇತುಹಾಕಿದ ಸೂಟುಗಳು ತಲೆಯಿಲ್ಲದ ಮನುಷ್ಯರ ಹಾಗೆ ಸಾಲಾಗಿ ನಿಂತು ಇಬ್ಬರ ಮಾತಿಗೂ ಕಿವಿಗೊಟ್ಟಂತಿತ್ತು.

“ಏನಂದೆ?”

“ಕೇಳಿಸ್ತಲ್ಲ.”

ಅವನು ಮಾತಾಡುವುದೇ ಅಪರೂಪ. ತಂಡದಲ್ಲಿ ಎಲ್ಲರೂ ಅವನನ್ನು ಮುನಿ ಎಂದೇ ಕರೆಯುತ್ತಿದ್ದರು. ಅಂಥವನು ಬಾಯಿ ತೆರೆದು ಇಷ್ಟು ದೊಡ್ಡ ಮಾತು ಆಡಿದ್ದು ಇದೇ ಮೊದಲು. ಅದೂ ತನಗೆ. ಅವಳ ಕಿವಿ ಕಾದವು.

ಊರಿಗೆಲ್ಲ ಕುಡಿಯುವ ನೀರು ಬರುವುದು ಆ ಸರೋವರದಿಂದ. ಅದರ ತಳದಲ್ಲಿ ದೊಡ್ಡ ಕೊಳವೆಯ ಬಾಯಿ, ಬಾಯಿಗೆ ಕಬ್ಬಿಣದ ಜಾಲರಿ. ಎಲೆ, ಕೆಸರು, ಚಿಪ್ಪು ಬಂದು ಜಾಲರಿಗೆ ಮೆತ್ತಿಕೊಳ್ಳುತ್ತವೆ, ಬೋಲ್ಟುಗಳು ಸಡಿಲವಾಗುತ್ತವೆ. ಮುಳುಗಿ ಹೋಗಿ ಅದನ್ನು ನೋಡಿಕೊಳ್ಳುವುದು ಇವರ ಕೆಲಸ. ಬೇಸಿಗೆಯುದ್ದಕ್ಕೂ ಅವರಿಬ್ಬರೂ ಜೋಡಿಯಾಗಿ ಇಳಿದಿದ್ದರು. ನೀರಿನೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಮಾತಿಲ್ಲದ ಆ ಹೊತ್ತಿನಲ್ಲಿ ಅವನಷ್ಟು ಚೆನ್ನಾಗಿ ತನ್ನನ್ನು ಅರ್ಥ ಮಾಡಿಕೊಂಡವರು ಬೇರೆ ಯಾರೂ ಇಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ.

“ಅಕ್ಕನ ಹತ್ರ ಹೋಗಿ ಚಾಡಿ ಹೇಳಿದ್ದು ನೀನೇ ಅಲ್ವಾ?” ಎಂದಳು. ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು.

“ಚಾಡಿ ಅಲ್ಲ. ಹೋದ ವಾರ ಕೆಳಗೆ ನಿನ್ನ ಕೈಯಿಂದ ಸ್ಪ್ಯಾನರ್ ಜಾರಿತು.”

“ಜಾರಿದ್ರೇನು, ಎತ್ಕೊಂಡೆ.”

“ಎತ್ಕೊಟ್ಟಿದ್ದು ನಾನು. ಬೆರಳು ಮಡಚೋಕೇ ಆಗ್ತಿರಲಿಲ್ಲ ನಿನಗೆ. ಚಳಿ ಅಂತ ಒಂದು ಸನ್ನೆ ಮಾಡಿದ್ಯಾ? ಇಲ್ಲ.”

“ಇಷ್ಟು ದಿನ ಇದೇ ಸೂಟು ಸಾಕಾಗಿತ್ತು.”

“ಅದು ಬೇಸಿಗೆ.”

ವೆಟ್‌ಸೂಟ್ ನೀರನ್ನು ತಡೆಯುವುದಿಲ್ಲ. ನೀರು ಒಳಗೆ ನುಸುಳಿ ಚರ್ಮಕ್ಕೂ ರಬ್ಬರಿಗೂ ನಡುವೆ ತೆಳ್ಳಗೆ ನಿಲ್ಲುತ್ತದೆ. ಅದನ್ನು ಮೈ ತನ್ನ ಬಿಸಿಯಿಂದಲೇ ಬೆಚ್ಚಗೆ ಮಾಡಿಕೊಳ್ಳಬೇಕು. ಬೆನ್ನಗುಂಟ ಇಳಿಯುವ ಆ ಮೊದಲ ಚಳಿ ಅವಳಿಗೆ ಇಷ್ಟ. ಆದರೆ ಆಳಕ್ಕೆ ಹೋದ ಹಾಗೆ ರಬ್ಬರು ನೀರಿನ ಒತ್ತಡಕ್ಕೆ ತೆಳ್ಳಗಾಗುತ್ತದೆ, ಚಳಿಗಾಲದಲ್ಲಿ ಮೈಯ ಬಿಸಿ ಸಾಲುವುದಿಲ್ಲ. ಡ್ರೈಸೂಟ್ ಹಾಗಲ್ಲ. ಒಳಗೆ ಉಣ್ಣೆಯಂಥ ಬೆಚ್ಚನೆ ಉಡುಪು, ಅದರ ಸುತ್ತ ಗಾಳಿ. ಒಂದು ಹನಿ ನೀರೂ ಒಳಗೆ ಬರದಂತೆ ಮಣಿಕಟ್ಟಿಗೆ ಒಂದೊಂದು, ಕತ್ತಿಗೊಂದು ಬಿಗಿಯಾದ ರಬ್ಬರ್ ಪಟ್ಟಿ.

ಅವಳ ಕಷ್ಟ ಇದ್ದದ್ದು ಆ ಕತ್ತಿನ ಪಟ್ಟಿಯಲ್ಲಿ. ಅದು ಯಾರಿಗೂ ಗೊತ್ತಿರಲಿಲ್ಲ. ತರಬೇತಿಯ ದಿನಗಳಲ್ಲಿ ಕೊಟ್ಟಿದ್ದ ಹಳೆಯ ಸೂಟಿನ ಪಟ್ಟಿ ಹಿಗ್ಗಿ ಸಡಿಲವಾಗಿತ್ತು, ಹೇಗೋ ನಡೆದುಹೋಗಿತ್ತು. ಹೊಸದನ್ನು ಕತ್ತಿಗೆ ಏರಿಸಿದರೆ ಯಾರೋ ಹಿಂದಿನಿಂದ ಬಂದು ಎರಡೂ ಕೈಯಲ್ಲಿ ಹಿಡಿದಂತೆ ಆಗುತ್ತಿತ್ತು. ತಂಡದಲ್ಲೇ ಗಟ್ಟಿ ಈಜುಗಾರ್ತಿ ಎನ್ನಿಸಿಕೊಂಡವಳು ಒಂದು ರಬ್ಬರ್ ಪಟ್ಟಿಗೆ ಹೆದರುತ್ತಾಳೆ ಎಂದು ಹೇಳಿಕೊಳ್ಳುವುದು ಯಾವ ಬಾಯಲ್ಲಿ?

“ಗೊತ್ತಾಯ್ತು ಬಿಡು,” ಅವಳೆಂದಳು. “ಆಚೆ ದಡದ ಪಂಪ್ ಸ್ಟೇಷನ್ನಿಂದ ಆ ಹುಡುಗಿ ಬರ್ತಾಳಂತಲ್ಲ. ಡ್ರೈಸೂಟಲ್ಲೇ ಹುಟ್ಟಿದವಳ ಹಾಗೆ ಈಜ್ತಾಳಂತೆ. ಅವಳ ಜೊತೆನೇ ಇಳಿ.”

ಅವನು ತಿರುಗಿ ನೋಡಿದ. ನೋಟ ಅವಳ ಮುಖದ ಮೇಲೆ ನಿಂತಿತು, ಅಲ್ಲಿಂದ ಕೆಳಗಿಳಿದು ಆ ಒಂಟಿಕಾಲಿನ ಮೇಲೆ ನಿಂತಿತು. ತುಟಿಯ ಒಂದು ಕೊನೆ ಸ್ವಲ್ಪವೇ ಅಲುಗಿತು. ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಅವಳಿಗೆ ತಿಳಿಯಲಿಲ್ಲ. ಏನೋ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಬಾಗಿಲಲ್ಲಿ ಹಗ್ಗದಣ್ಣ. ಮುಳುಗುವವರ ಸೊಂಟದ ಹಗ್ಗವನ್ನು ದಡದಲ್ಲಿ ಹಿಡಿದು ಕೂರುವುದು ಅವನ ಕೆಲಸ. ಆ ಹೆಸರೂ ಹಾಗೇ ಬಂದದ್ದು. “ಏನ್ರಪ್ಪಾ, ಜಗಳನಾ, ಸಂಸಾರನಾ? ಹೊರಗಿನ ತನಕ ಕೇಳಿಸ್ತಿದೆ. ಅದೂ ಮುನಿಯ ದನಿ! ನಾನು ರೇಡಿಯೋ ಅಂದ್ಕೊಂಡೆ.”

ಅವನ ಹಿಂದೆಯೇ ಅಕ್ಕ ಬಂದಳು. ಹೆಚ್ಚು ಮಾತಿಲ್ಲದೆ ಕೊಕ್ಕೆಯಿಂದ ಹೊಸ ಡ್ರೈಸೂಟೊಂದನ್ನು ಇಳಿಸಿ ಅವಳ ತೋಳಿನ ಮೇಲೆ ಹಾಕಿದಳು.

“ಮನೆಗೆ ತಗೊಂಡು ಹೋಗು. ಹಾಕ್ಕೊಂಡು ಕೂತು ಅಭ್ಯಾಸ ಮಾಡ್ಕೊ. ನಾಳೆ ಬೆಳಿಗ್ಗೆ ಇಬ್ಬರೂ ಜಾಲರಿ ತನಕ ಹೋಗಿ ಬನ್ನಿ, ನೋಡೋಣ. ಆಗಲ್ಲ ಅಂದ್ರೆ ಈ ಚಳಿಗಾಲ ಫಿಲ್ಟರ್ ಹೌಸಲ್ಲಿ ಕೂತ್ಕೊ. ಅದರಲ್ಲಿ ಅವಮಾನ ಏನಿಲ್ಲ.”

ಅವಮಾನವಿಲ್ಲ ಎಂದ ಕೂಡಲೇ ಅದು ಅವಮಾನವಾಗಿ ಕೇಳಿಸಿತು. ಫಿಲ್ಟರ್ ಹೌಸ್ ಎಂದರೆ ನೀರು ಸೋಸುವ ಕಟ್ಟಡದ ಕಿಟಕಿಯಿಂದ ಸರೋವರವನ್ನು ನೋಡುತ್ತ ಕೂರುವುದು. ಅವನು ಇನ್ನೊಬ್ಬಳ ಜೊತೆ ಇಳಿಯುವುದನ್ನು ನೋಡುತ್ತ ಕೂರುವುದು.

ಹೊರಡುವಾಗ ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ಕತ್ತಿನ ಪಟ್ಟಿ ಬಿಗಿ ಅನ್ನಿಸಿದ್ರೆ ನನಗೆ ಹೇಳು. ಒಂದೊಂದೇ ಗೆರೆ ನೋಡಿ ಕತ್ತರಿಸಬೇಕು.”

“ನನ್ನ ಕತ್ತು ನಾನು ನೋಡ್ಕೋತೀನಿ.”

*

ಸಂಜೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಯಾರದೋ ಕೋಟಿನ ತೋಳು ಜೋಡಿಸುತ್ತ ಕೂತಿದ್ದಳು. ಇವಳು ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಪಟ್ಟಿಗೆ ಪೌಡರ್ ಹಚ್ಚಿ, ಎರಡೂ ಕೈಯಿಂದ ಹಿಗ್ಗಿಸಿ ತಲೆ ತೂರಿಸಿದಳು.

ಉಸಿರು ಬರುತ್ತಿತ್ತು. ಬರುತ್ತಿದೆ ಎಂದು ತನಗೇ ಹೇಳಿಕೊಂಡಳು. ಕಿವಿಯಲ್ಲಿ ನಾಡಿ ಬಡಿಯತೊಡಗಿತು. ಕನ್ನಡಿಯಲ್ಲಿದ್ದವಳ ಮುಖ ಕೆಂಪಾಯಿತು, ಕಣ್ಣು ದೊಡ್ಡದಾಯಿತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತಿರುವಾಗಲೇ ಕೈ ತಾನಾಗಿ ಮೇಲೆದ್ದು ಪಟ್ಟಿಯನ್ನು ತಲೆಯ ಮೇಲಿಂದ ಎಳೆದು ತೆಗೆಯಿತು. ಮಂಚದ ಅಂಚಿಗೆ ಕೂತು ಏದುಸಿರು ಬಿಟ್ಟಳು.

“ಏನೇ ಅದು ಸದ್ದು?” ಆಚೆಯಿಂದ ಅಮ್ಮ.

“ಏನಿಲ್ಲಮ್ಮ.”

“ನೀನು ಏನಿಲ್ಲ ಅಂದ್ರೆ ಏನೋ ಇದೆ ಅಂತಾನೇ. ಆ ಮಾತಾಡದ ಹುಡುಗನ ಜೊತೆ ಜಗಳ ಆಡ್ಕೊಂಡ್ಯಾ?”

“ಅವನ ವಿಷಯ ಈಗ್ಯಾಕೆ?”

“ಬೇಸಿಗೆ ಪೂರ್ತಿ ಊಟಕ್ಕೆ ಕೂತ್ರೆ ಅವನದೇ ಕಥೆ ಹೇಳ್ತಿದ್ದೆ. ಈಗ ಕೆಲವು ದಿನದಿಂದ ಬರೀ ಊಟ ಮಾಡ್ತಿದ್ದೀಯ.”

ಅವಳು ಹೊರಗೆ ಬಂದು ಮೇಜಿನ ಮೇಲಿದ್ದ ಅಮ್ಮನ ಕತ್ತರಿ ಎತ್ತಿಕೊಂಡಳು.

“ಅದು ಬಟ್ಟೆ ಕತ್ತರಿ ಕಣೇ! ಮೊಂಡು ಮಾಡಿ ಕೊಟ್ರೆ ನೋಡು!”

ಪಟ್ಟಿಯ ಒಳಗೆ ಸುತ್ತಲೂ ಸಣ್ಣ ಗೆರೆಗಳಿದ್ದವು, ಕತ್ತರಿಸಲು ಗುರುತಾಗಿ. ಒಂದು ಗೆರೆ ಕತ್ತರಿಸಿ, ಹಾಕಿಕೊಂಡು, ಒಂದು ದಿನ ಬಿಟ್ಟು, ಇನ್ನೂ ಬಿಗಿಯೆನ್ನಿಸಿದರೆ ಮಾತ್ರ ಮುಂದಿನ ಗೆರೆ. ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ, ಅವಳಿಗೂ ಗೊತ್ತಿತ್ತು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅವಳು ಒಂದು ಗೆರೆ ಕತ್ತರಿಸಿದಳು. ಹಾಕಿ ನೋಡಿದಳು, ಹಿಡಿದ ಕೈ ಬಿಡಲಿಲ್ಲ. ಇನ್ನೊಂದು ಕತ್ತರಿಸಿದಳು. ಆಮೇಲೆ ಅಳತೆ ನೋಡುವ ತಾಳ್ಮೆಯೂ ಉಳಿಯದೆ ಮತ್ತೊಂದು. ಕೊನೆಗೆ ತಲೆ ಸರಾಗವಾಗಿ ತೂರಿತು. ಕನ್ನಡಿಯಲ್ಲಿದ್ದವಳು ಶಾಂತವಾಗಿ ಉಸಿರಾಡುತ್ತಿದ್ದಳು.

ಇಷ್ಟು ಸಡಿಲವಿರಬಾರದು ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

*

ಬೆಳಿಗ್ಗೆ ಸರೋವರದ ಮೇಲೆ ಮಂಜು ಮಲಗಿತ್ತು. ಕಟ್ಟೆಯ ಹಲಗೆಗಳ ಮೇಲೆ ತೆಳುವಾದ ಹಿಮ. ಹಗ್ಗದಣ್ಣ ಕೈ ಉಜ್ಜಿಕೊಳ್ಳುತ್ತ ಹಗ್ಗ ಬಿಚ್ಚುತ್ತಿದ್ದ.

ಡ್ರೈಸೂಟಿನ ಜಿಪ್ ಬೆನ್ನ ಮೇಲೆ, ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಇರುತ್ತದೆ. ತಾನೇ ಎಳೆದುಕೊಳ್ಳಲು ಬರುವುದಿಲ್ಲ, ಜೋಡಿಯೇ ಎಳೆಯಬೇಕು.

“ಕೈ ಮುಂದೆ ಚಾಚು,” ಎಂದ ಮುನಿ.

ಚಾಚಿದಳು. ಅವನ ಒಂದು ಕೈ ಭುಜವನ್ನು ಹಿಡಿಯಿತು, ಇನ್ನೊಂದು ನಿಧಾನವಾಗಿ ಜಿಪ್ಪನ್ನು ಎಳೆಯಿತು. ಅವನ ಉಸಿರು ಅವಳ ತಲೆಯ ಹಿಂದೆ ಬಿಳಿಯಾಗಿ ಎದ್ದು ಕಿವಿಯ ಪಕ್ಕ ಹಾದುಹೋಯಿತು. ಆ ಒಂದು ಗಳಿಗೆ ಅವಳು ಸಿಟ್ಟನ್ನೂ ಮರೆತಳು, ಪಟ್ಟಿಯನ್ನೂ ಮರೆತಳು.

“ನಿನ್ನೆ ನಾನು ಹೇಳೋಕೆ ಹೊರಟಿದ್ದು…” ಎಂದು ಶುರು ಮಾಡಿದ. ಮುಗಿಸಲಿಲ್ಲ. ಕ್ರಮದಂತೆ ಅವನ ಬೆರಳು ಕತ್ತಿನ ಪಟ್ಟಿಯನ್ನು ಪರೀಕ್ಷಿಸಲು ಮುಂದೆ ಬಂತು.

“ಮುಟ್ಟಬೇಡ,” ಅವಳು ಸರಕ್ಕನೆ ಸರಿದು ತಲೆಗವಸನ್ನು ಕತ್ತಿನವರೆಗೆ ಎಳೆದುಕೊಂಡಳು. “ಸರಿಯಾಗಿದೆ. ನಾನೇ ನೋಡಿದ್ದೀನಿ.”

ಅವನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಮುಖದ ಮೇಲೆ ಏನೋ ಬಾಗಿಲು ಮುಚ್ಚಿದಂತಾಯಿತು. ನನ್ನ ಸ್ಪರ್ಶವೇ ಬೇಡವೆಂದಳು ಎಂದು ತಿಳಿದುಕೊಂಡ. ಅದು ಅವಳಿಗೆ ಕಂಡಿತು, ಆದರೂ ತಿದ್ದಲಿಲ್ಲ.

ಇಳಿದರು.

ಹಸಿರು ಬೂದಿಯಾಯಿತು, ಬೂದಿ ಕಪ್ಪಾಯಿತು. ಟಾರ್ಚಿನ ಎರಡು ಬೆಳಕಿನ ಕಂಬಗಳು, ಗುಳ್ಳೆಗಳ ಸದ್ದು, ಬೇರೆ ಏನೂ ಇಲ್ಲ. ಮೊದಮೊದಲು ಆಶ್ಚರ್ಯ: ಚಳಿಯೇ ಇಲ್ಲ! ಸರೋವರ ಆಚೆ ಇದೆ, ತಾನು ಒಳಗೆ ಬೆಚ್ಚಗಿದ್ದೇನೆ. ಆಮೇಲೆ ಗದ್ದದ ಕೆಳಗೆ ಸೂಜಿಮೊನೆಯಷ್ಟು ತಣ್ಣಗೆ ಏನೋ ತಾಗಿತು.

ಜಾಲರಿಯ ಬಳಿ ಬಂದಾಗ ಮೇಲಿನ ಬೋಲ್ಟು ನೋಡಲು ತಲೆ ಎತ್ತಬೇಕಾಯಿತು. ಎತ್ತಿದಳು. ನೀರು ಎದೆಯ ಮೇಲೆ ಧಾರೆಯಾಗಿ ಇಳಿಯಿತು. ಒಳಗಿನ ಉಡುಪು ಅದನ್ನು ಹೀರಿ ಹೀರಿ ಹೊಟ್ಟೆಗೆ, ಸೊಂಟಕ್ಕೆ ಹಂಚಿತು. ಉಸಿರು ಸಿಕ್ಕಿಕೊಂಡಿತು. ಅವನು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಸರಿಯಾಗಿದ್ದೀಯಾ ಎಂದು ಕೇಳಿದ. ಅವಳೂ ಬೆರಳು ಸೇರಿಸಿ ತೋರಿಸಿದಳು, ಸರಿ. ಬೆರಳು ನಡುಗುವುದು ಕಾಣದಿರಲಿ ಎಂದು ಬೇಗ ಕೆಳಗಿಳಿಸಿದಳು.

ಸೂಟು ಭಾರವಾಗತೊಡಗಿತು. ಸೂಟಿನ ಎದೆಯ ಮೇಲಿದ್ದ ಗುಂಡಿಯೊತ್ತಿ ಒಳಗೆ ಗಾಳಿ ತುಂಬಿಸಿಕೊಂಡಳು. ತುಂಬಿದ ಗಾಳಿ ತಲೆಗವಸಿನ ಕೆಳಗಿನಿಂದ, ಕತ್ತಿನ ಸುತ್ತಲೂ ಸಣ್ಣ ಸಣ್ಣ ಗುಳ್ಳೆಗಳಾಗಿ ಸೋರಿತು.

ಅವನ ಟಾರ್ಚ್ ತಿರುಗಿತು. ಬೆಳಕು ಅವಳ ಕತ್ತಿನ ಮೇಲೆ ನಿಂತಿತು. ಗುಳ್ಳೆಗಳು ಬೆಳ್ಳಿಯ ಹಾಗೆ ಹೊಳೆಯುತ್ತ ಮೇಲೇರಿದವು. ಅವನು ನೋಡುತ್ತಲೇ ಇದ್ದ.

ಮುಗೀತು, ಎಂದುಕೊಂಡಳು. ಈಗ ನನ್ನ ಕತ್ತು ತೋರಿಸುತ್ತಾನೆ, ಮೇಲಕ್ಕೆ ಎಂದು ಹೆಬ್ಬೆರಳು ಎತ್ತುತ್ತಾನೆ. ಮೇಲೆ ಹೋದರೆ ಅಕ್ಕ, ಫಿಲ್ಟರ್ ಹೌಸ್, ಕಿಟಕಿ. ಬೇಡ ಎಂದು ಅವಳು ತಲೆಯಾಡಿಸಿದಳು. ತಲೆಯಾಡಿಸಿದಷ್ಟೂ ನೀರು ಒಳಬಂತು.

ಅವನು ಅವಳ ಕತ್ತಿನ ಕಡೆ ಬೆರಳು ಮಾಡಲಿಲ್ಲ. ಟಾರ್ಚನ್ನು ತನ್ನ ಎದೆಯ ಮೇಲೇ ತಿರುಗಿಸಿಕೊಂಡ. ಎರಡೂ ಕೈಗಳನ್ನು ಎದೆಗೆ ಅಡ್ಡ ಕಟ್ಟಿ, ತೋಳುಗಳನ್ನು ಮೇಲೆ ಕೆಳಗೆ ಉಜ್ಜಿಕೊಂಡ. ಚಳಿ. ನನಗೆ ಚಳಿ. ಆಮೇಲೆ ಹೆಬ್ಬೆರಳು ಎತ್ತಿದ. ಮೇಲೆ ಹೋಗೋಣ.

ಮುಖವಾಡದ ಗಾಜಿನ ಹಿಂದೆ ಅವನ ಕಣ್ಣು ರೆಪ್ಪೆ ಹೊಡೆಯಲಿಲ್ಲ. ಹೆಬ್ಬೆರಳು ಎತ್ತಿದವರನ್ನು ನೀರಿನೊಳಗೆ ಯಾರೂ ಪ್ರಶ್ನಿಸುವಂತಿಲ್ಲ. ಅವಳೂ ಎತ್ತಿದಳು. ದಾರಿಯಲ್ಲಿ ನಿಲ್ಲಬೇಕಾದ ಕಡೆಯೆಲ್ಲ ನಿಂತು, ನಿಧಾನವಾಗಿ ಏರಿದರು. ಅಷ್ಟು ಹೊತ್ತೂ ಅವನು ಅವಳ ಮಣಿಕಟ್ಟು ಬಿಡಲಿಲ್ಲ.

*

ಹೆಬ್ಬೆರಳು ಎತ್ತಿದವರು ಕಟ್ಟೆಯ ಮೇಲೆ ಬಂದು ಕಾರಣ ಹೇಳಬೇಕು. ಅದು ಅಕ್ಕ ಮಾಡಿದ ನಿಯಮ.

“ಯಾರು ಎತ್ತಿದ್ದು?”

“ನಾನು,” ಎಂದ.

“ಯಾಕೆ?”

“ಚಳಿ ಆಯ್ತು.”

ಹಗ್ಗದಣ್ಣ ನಕ್ಕ. “ಮುನಿಗಳಿಗೂ ಚಳಿ ಆಗುತ್ತೇನೋ?”

ಅಕ್ಕ ನಗಲಿಲ್ಲ. “ಡ್ರೈಸೂಟಲ್ಲಿ, ಇಷ್ಟು ಬೇಗ? ಮೈ ಹುಷಾರಿಲ್ವಾ?”

“ಇರಬಹುದು.”

“ಇರಬಹುದು ಅನ್ನೋರನ್ನ ನಾನು ಆ ಆಳಕ್ಕೆ ಕಳಿಸಲ್ಲಪ್ಪ. ಈ ಚಳಿಗಾಲ ನೀನು ದಡದಲ್ಲೇ ಇರು.” ಅಕ್ಕ ಅವಳ ಕಡೆ ತಿರುಗಿದಳು. “ನೀನು?”

ಹಲ್ಲು ಕಟಕಟಿಸದಂತೆ ಅವಳು ದವಡೆ ಬಿಗಿಹಿಡಿದಿದ್ದಳು. “ಚೆನ್ನಾಗಿದ್ದೀನಿ.”

“ನಂಬೋಕಾಗ್ತಿಲ್ಲ, ಆದ್ರೂ ಸಂತೋಷ. ಸೋಮವಾರದಿಂದ ಆಚೆ ಸ್ಟೇಷನ್ನಿನ ಹುಡುಗಿ ನಿನಗೆ ಜೋಡಿ.”

ಅವಳು ಬಯಸಿದ ಜಾಗ ಅವಳಿಗೆ ಸಿಕ್ಕಿತ್ತು. ಅವನ ಜಾಗ ಹೋಗಿತ್ತು. ಅವನು ಬಗ್ಗಿ ತನ್ನ ಈಜುರೆಕ್ಕೆಗಳನ್ನು ಎತ್ತಿಕೊಂಡು ಏನೂ ಆಗದವನ ಹಾಗೆ ಕೋಣೆಯ ಕಡೆ ನಡೆದ.

ಒಳಗೆ ಹೀಟರ್ ಗುಯ್ ಎನ್ನುತ್ತಿತ್ತು. ಅವಳು ಅವನ ಎದುರು ಬೆನ್ನು ಮಾಡಿ ನಿಂತಳು. ತಾನೇ ಬಿಚ್ಚಿಕೊಳ್ಳಲು ಬರುವುದಿಲ್ಲವಲ್ಲ. ಅವನು ಜಿಪ್ ಎಳೆದ. ಅವಳು ಹೊರಬಂದು ಸೂಟನ್ನು ಬೋರಲು ಹಿಡಿದದ್ದೇ ತಡ, ಒಳಗೆ ನಿಂತಿದ್ದ ನೀರೆಲ್ಲ ದಬದಬನೆ ನೆಲಕ್ಕೆ ಸುರಿಯಿತು. ಇಬ್ಬರ ಕಾಲಿನ ಸುತ್ತ ಹರಡಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ಎಷ್ಟು ಗೆರೆ ಕತ್ತರಿಸಿದೆ?” ಅವನು ಕೇಳಿದ.

“ಮೂರು.”

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಬೆಂಚಿನ ಮೇಲಿದ್ದ ಕಂಬಳಿ ತಂದು ಅವಳ ಭುಜಕ್ಕೆ ಹೊದಿಸಿದ. ಹೊದಿಸಿದ ಕೈ ತಕ್ಷಣ ಹಿಂದೆ ಹೋಯಿತು, ಬೆಳಗಿನ ಮಾತು ನೆನಪಾದವನ ಹಾಗೆ.

“ಯಾಕೆ ಸುಳ್ಳು ಹೇಳಿದೆ?” ಅವಳ ದನಿ ನಡುಗಿತು, ಚಳಿಗೋ ಸಿಟ್ಟಿಗೋ. “ನನ್ನ ಪರವಾಗಿ ನೀನು ಚಳಿ ಪಟ್ಟುಕೊಳ್ಳಬೇಕು ಅಂತ ಯಾರು ಹೇಳಿದ್ರು?”

“ನಿನ್ನ ಕತ್ತು ತೋರಿಸಿದ್ರೆ ನೀನು ಮೇಲೆ ಬರ್ತಿದ್ಯಾ? ಅಲ್ಲೇ ನಿಂತು ವಾದ ಮಾಡ್ತಿದ್ದೆ. ಮಾಡ್ತಾ ಮಾಡ್ತಾ ಸೂಟು ತುಂಬ್ತಿತ್ತು.”

“ಮೇಲೆ ಬಂದ ಮೇಲಾದ್ರೂ ನಿಜ ಹೇಳಬಹುದಿತ್ತು.”

“ಹೇಳಿದ್ರೆ ನಿನ್ನನ್ನ ತೆಗೀತಿದ್ರು.”

“ಈಗ ನಿನ್ನನ್ನ ತೆಗೆದ್ರು!”

“ಪರವಾಗಿಲ್ಲ.”

“ನಿನಗೆ ಪರವಾಗಿಲ್ಲ. ಸೋಮವಾರ ಇದೇ ಪಟ್ಟಿಯಲ್ಲಿ ನಾನು ಇನ್ನೊಬ್ಬಳ ಜೊತೆ ಇಳೀತೀನಲ್ಲ, ಅವಳಿಗೂ ನನ್ನ ಬದಲು ಚಳಿ ಆಗುತ್ತಾ?”

ಅವನು ಸುಮ್ಮನಾದ. ಈ ಮೌನ ನೀರಿನೊಳಗಿನದಲ್ಲ. ಇದರಲ್ಲಿ ಹೆದರಿಕೆ ಇತ್ತು. ಅವನು ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ ಎಂದು ಅವಳಿಗೆ ಅರ್ಥವಾಯಿತು. ಅವಳನ್ನು ಉಳಿಸಬೇಕು ಎಂಬಷ್ಟೇ ಅವನ ತಲೆಯಲ್ಲಿದ್ದದ್ದು. ಅದಕ್ಕೆ ಕೈಗೆ ಸಿಕ್ಕಿದ್ದನ್ನು ಮಾಡಿದ್ದ.

“ನನಗೆ ಅದು ಹಾಕ್ಕೊಂಡ್ರೆ ಉಸಿರು ಕಟ್ಟಿದ ಹಾಗೆ ಆಗುತ್ತೆ,” ಅವಳೆಂದಳು. ಹೇಳಿದ ಮೇಲೆ ಎಷ್ಟು ಸಣ್ಣ ಮಾತು ಅನ್ನಿಸಿತು. “ಭಯ ಆಗುತ್ತೆ. ಹೇಳೋಕೆ ನಾಚಿಕೆ ಆಯ್ತು. ನೀನು ಬೇರೆ ಜೋಡಿ ಹುಡುಕ್ತಿದ್ದೀಯ ಅಂತ ಬೇರೆ ಅಂದ್ಕೊಂಡಿದ್ದೆ.”

“ನಾನಾ?”

“ಮತ್ತೆ, ಜೊತೆಗೆ ಇಳಿಯಲ್ಲ ಅಂದ್ಯಲ್ಲ.”

“ಆ ಸೂಟಲ್ಲಿ ಇಳಿಯಲ್ಲ ಅಂದೆ. ಅದು ಬಿಟ್ಟು…” ಮತ್ತೆ ನಿಂತುಬಿಟ್ಟ. ಕಿವಿಯ ತುದಿ ಕೆಂಪಾಯಿತು.

ಕೇಳಿಸಿಕೊಳ್ಳಲು ಅವಳು ನಿಲ್ಲಲಿಲ್ಲ. ನಿಂತರೆ ಧೈರ್ಯ ಕರಗುತ್ತದೆ ಎಂದು ಗೊತ್ತಿತ್ತು. ಕಂಬಳಿ ಹೊದ್ದುಕೊಂಡು, ಒದ್ದೆ ಕಾಲ್ಚೀಲದ ಗುರುತು ಬಿಡುತ್ತ ಹಜಾರ ದಾಟಿ ಅಕ್ಕನ ಬಾಗಿಲು ತಳ್ಳಿದಳು.

“ಅವನಿಗೆ ಚಳಿ ಆಗಿರಲಿಲ್ಲ ಅಕ್ಕ. ನನಗೆ. ಕತ್ತಿನ ಪಟ್ಟಿ ನಾನೇ ಕತ್ತರಿಸಿದ್ದೆ.”

ಅಕ್ಕ ಪೂರ್ತಿ ಕೇಳಿದಳು. ಬಯ್ಗುಳಕ್ಕೆ ಇವಳು ಸಿದ್ಧಳಾಗಿದ್ದಳು. ಅಕ್ಕ ಬಯ್ಯುವ ಮೊದಲು ಎದ್ದು ಬಂದು ಅವಳ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಮಡಚುತ್ತವೆ ಎಂದು ಖಚಿತವಾದ ಮೇಲೆ ಶುರು ಮಾಡಿದಳು.

“ಕತ್ತರಿ ಯಾರದು?”

“ಅಮ್ಮನದು.”

“ಬೀಗ ಹಾಕಿ ಇಡೋಕೆ ಹೇಳು ಆ ತಾಯಿಗೆ. ಅವನು ಬಾಯಲ್ಲಿ ಸುಳ್ಳು ಹೇಳಿದ, ನೀನು ಸುಳ್ಳನ್ನೇ ಹಾಕ್ಕೊಂಡು ಇಳಿದೆ. ಎರಡರಲ್ಲಿ ಯಾವುದು ದೊಡ್ಡದು ಅಂತ ನನ್ನನ್ನ ಕೇಳಬೇಡ, ಇಬ್ಬರೂ ಈ ಚಳಿಗಾಲ ನೀರು ಮುಟ್ಟಲ್ಲ. ಜಾಲರಿನ ಆಚೆ ಸ್ಟೇಷನ್ನಿನವರು ನೋಡ್ಕೋತಾರೆ.” ಇವಳು ಬಾಗಿಲವರೆಗೆ ಹೋದ ಮೇಲೆ ಹಿಂದಿನಿಂದ ಮತ್ತೆ ಅಕ್ಕನ ದನಿ ಬಂತು. “ಹೆದರಿಕೆ ಇದೆ ಅಂತ ನಿನ್ನೆನೇ ಹೇಳಿದ್ರೆ, ಮಗಾ, ನಾನು ಬೇರೆ ಪಟ್ಟಿ ಹಾಕಿಸಿ ಕೊಡ್ತಿದ್ದೆ.”

*

ಫಿಲ್ಟರ್ ಹೌಸಿನ ಕಿಟಕಿಯಿಂದ ಅವಳು ಬೇರೆಯವರು ಇಳಿಯುವುದನ್ನು ನೋಡಿದಳು. ನೋವಾಯಿತು. ಕಟ್ಟೆಯ ಮೇಲೆ ಹಗ್ಗದಣ್ಣನ ಪಕ್ಕ ಅವನೂ ಹಗ್ಗ ಹಿಡಿದು ನಿಂತಿದ್ದ, ಅದೂ ಕಾಣುತ್ತಿತ್ತು. ಅವನೊಮ್ಮೆ ಕಿಟಕಿಯತ್ತ ನೋಡಿದ. ಅವಳು ಓದುತ್ತಿರುವವಳ ಹಾಗೆ ತಲೆ ತಗ್ಗಿಸಿದಳು. ಅವಳ ಮುಂದೆ ಓದಲು ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಅವನೇ ಬಂದ. ತೋಳಿನ ಮೇಲೆ ಅವಳ ಡ್ರೈಸೂಟು. ಹಳೆಯ ಪಟ್ಟಿ ತೆಗೆದು ಅದರ ಜಾಗದಲ್ಲಿ ವೆಟ್‌ಸೂಟಿನ ಬಟ್ಟೆಯಂಥದ್ದೇ ಮೆತ್ತನೆಯ, ದಪ್ಪನೆಯ ಪಟ್ಟಿ ಅಂಟಿಸಿದ್ದ. ಅವನ ಬೆರಳುಗಳಿಗೆ ಇನ್ನೂ ಅಂಟು ಮೆತ್ತಿತ್ತು.

“ಇದೂ ಬಿಗಿಯೇ,” ಎಂದ. “ಆದ್ರೆ ಕಚ್ಚಲ್ಲ. ಇವತ್ತು ನೀರಿಲ್ಲ, ಏನಿಲ್ಲ. ಸುಮ್ಮನೆ ಹಾಕ್ಕೊಂಡು ಕೂತ್ಕೊ. ಬೇಡ ಅನ್ನಿಸಿದಾಗ ತೆಗೀತೀನಿ.”

ಸಲಕರಣೆಯ ಕೋಣೆಯಲ್ಲಿ ಎದುರುಬದುರು ಬೆಂಚುಗಳ ಮೇಲೆ ಕೂತರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅವಳು ತಲೆ ತೂರಿಸಿದಳು. ಕತ್ತು ಹಿಡಿಯಿತು. ನಾಡಿ ಕಿವಿಗೆ ಏರಿತು.

“ಏನಾದ್ರೂ ಮಾತಾಡು,” ಅವಳೆಂದಳು. “ಸುಮ್ಮನಿದ್ರೆ ಇದೊಂದೇ ಗಮನಕ್ಕೆ ಬರುತ್ತೆ.”

“ನಾನಾ? ಏನ್ ಮಾತಾಡ್ಲಿ?”

“ಏನಾದ್ರೂ. ಬೇಗ.”

ಅವನು ಸುತ್ತಲೂ ನೋಡಿದ. ತನ್ನ ಮನೆಯ ನಲ್ಲಿ ಸೋರುತ್ತದೆ ಎಂದ. ಊರಿಗೆಲ್ಲ ನೀರು ಕೊಡುವವನ ಮನೆಯಲ್ಲೇ ನಲ್ಲಿ ಸೋರುತ್ತದಲ್ಲ ಎಂದು ಮನೆ ಮಾಲೀಕ ನಗುತ್ತಾನೆ ಎಂದ. ತಂಗಿಗೆ ಇನ್ನೂ ಈಜು ಬರುವುದಿಲ್ಲ, ಹಗ್ಗದಣ್ಣ ಗೊರಕೆ ಹೊಡೆಯುತ್ತಾನೆ, ಹೊಸ ಅಂಟು ಒಣಗಲು ತುಂಬ ಹೊತ್ತು ಬೇಕು. ಒಂದೊಂದು ವಿಷಯವನ್ನೂ ಹುಡುಕಿ ಹುಡುಕಿ ತೆಗೆದು ಅವಳ ಮುಂದಿಟ್ಟ. ಅವಳಿಗೆ ನಗು ಬಂತು. ನಕ್ಕಾಗ ಪಟ್ಟಿ ಇನ್ನಷ್ಟು ಬಿಗಿಯಾಯಿತು.

ಅವನು ನಿಲ್ಲಿಸಿದ.

“ನಿಲ್ಲಿಸಬೇಡ.”

“ಮುಗೀತು.”

“ಇಷ್ಟು ಬೇಗನಾ?”

“ಬೇರೆ ವಿಷಯ ಎಲ್ಲಾ ಮುಗೀತು.” ಅವನು ತನ್ನ ಅಂಟು ಮೆತ್ತಿದ ಬೆರಳುಗಳನ್ನೇ ನೋಡುತ್ತಿದ್ದ. “ಇನ್ನು ಉಳಿದಿರೋದು ನಿನ್ನ ವಿಷಯ ಒಂದೇ.”

ಹೀಟರಿನ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು.

“ಅದನ್ನೇ ಹೇಳು,” ಎಂದಳು.

“ಅದು ಬಹಳ ಇದೆ.” ಈಗ ತಲೆ ಎತ್ತಿದ. “ಬೇಸಿಗೆಯಲ್ಲಿ ಒಂದು ದಿನ, ಮೊದಲ ಸಲ ಇಳಿದಾಗ, ನೀನು ಕೆಳಗೆ ಹೋಗಿ ಜಾಲರಿ ನೋಡೋದು ಬಿಟ್ಟು ಒಂದು ಸಣ್ಣ ಮೀನಿಗೆ ದಾರಿ ಬಿಟ್ಟು ನಿಂತಿದ್ದೆ. ಅದು ಹೋಗೋ ತನಕ. ನನಗೆ ಅವತ್ತೇ…” ಬೆರಳಿನ ಅಂಟು ಉಜ್ಜಿಕೊಂಡ. “ಅವತ್ತಿನಿಂದ ನೀನು ಅಂದ್ರೆ ನನಗೆ ಇಷ್ಟ. ಇಷ್ಟ ಅಂದ್ರೆ ಸಣ್ಣ ಮಾತಾಯ್ತು. ದೊಡ್ಡ ಮಾತು ಗೊತ್ತಿಲ್ಲ.” ಅವಳ ಮುಖ ಕೆಂಪಾಗುತ್ತಿರುವುದನ್ನು ಕಂಡು ಗಾಬರಿಯಾದ. “ಬಿಗಿ ಆಗ್ತಿದ್ಯಾ? ತೆಗೀಲಾ?”

ಬಿಗಿಯಾಗಿಯೇ ಇತ್ತು. ನಾಡಿಯೂ ಬಡಿಯುತ್ತಲೇ ಇತ್ತು. ಪಟ್ಟಿಯತ್ತ ಚಾಚಿದ ಅವನ ಕೈಯನ್ನು ಅವಳು ನಡುದಾರಿಯಲ್ಲೇ ಹಿಡಿದು, ಅಂಟು ಸಮೇತ ತನ್ನ ಬೆರಳುಗಳೊಳಗೆ ಸೇರಿಸಿಕೊಂಡಳು.

“ಬೇಡ,” ಎಂದಳು. “ಮುಂದೆ ಹೇಳು.”